ಡೇಟಾಬೇಸ್ ಪ್ರಶ್ನೋತ್ತರ: ಶೇರ್ಡ್ ಮೆಮೊರಿ ಸಿಗುತ್ತಿಲ್ಲ ಎಂಬ ದೂರು

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲವೂ ಒಂದೇ ದೂರನ್ನು ಹೊತ್ತಿವೆ. ಯಂತ್ರದಲ್ಲಿ ಮೆಮೊರಿ ಧಾರಾಳವಾಗಿದೆ, ಆದರೂ ಡೇಟಾಬೇಸ್ ಶೇರ್ಡ್ ಮೆಮೊರಿ, ಅಂದರೆ ಅದರ ಹಲವು ಪ್ರಕ್ರಿಯೆಗಳು (ಓಡುತ್ತಿರುವ ಪ್ರೋಗ್ರಾಂಗಳು) ಹಂಚಿಕೊಂಡು ಬಳಸುವ ಮೆಮೊರಿ, ಸಿಗುತ್ತಿಲ್ಲ ಎನ್ನುತ್ತದೆ. ಪತ್ರ ಬರೆದ ಹೆಚ್ಚಿನವರು ಮೊದಲು ಮಾಡಿರುವ ಕೆಲಸ ಮೆಮೊರಿಯನ್ನು ಇನ್ನಷ್ಟು ಹೆಚ್ಚಿಸುವುದು, ಮತ್ತು ಅದರಿಂದ ಫಲ ಸಿಕ್ಕಿಲ್ಲ. ಸಿಗದಿರುವುದಕ್ಕೆ ಕಾರಣವಿದೆ. ಶೇರ್ಡ್ ಮೆಮೊರಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಹಲವು ಪ್ರತ್ಯೇಕ ಜಾಗಗಳನ್ನು. ಒಂದೊಂದಕ್ಕೂ ಅದರದೇ ಆದ ಮಿತಿಯಿದ್ದು, ಒಂದು ಜಾಗ ತುಂಬಿದಾಗ ಇನ್ನೊಂದರಲ್ಲಿ ಎಷ್ಟು ಖಾಲಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಯಾವ ಜಾಗ ತುಂಬಿದೆ ಎಂಬುದನ್ನು ದೋಷಸಂದೇಶದ ಪೂರ್ಣಪಾಠದಿಂದ, ಅದರ ಕೆಳಗಿನ ಸುಳಿವಿನ ಸಾಲನ್ನೂ ಸೇರಿಸಿ ಓದಿ, ಮೊದಲು ಗುರುತಿಸಬೇಕು.

ಪ್ರಶ್ನೆ: ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಪ್ರತಿಯೊಬ್ಬ ಗ್ರಾಹಕರಿಗೂ ಪ್ರತ್ಯೇಕ ಸ್ಕೀಮಾ (ಟೇಬಲ್‌ಗಳ ಗುಂಪು) ಇಟ್ಟಿದ್ದೇವೆ. ಈಗ 250 ಸ್ಕೀಮಾಗಳಾಗಿದ್ದು, ಒಂದೊಂದರಲ್ಲೂ 60 ಟೇಬಲ್‌ಗಳಿವೆ. ಹಗಲಿನಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ರಾತ್ರಿಯ ಬ್ಯಾಕಪ್ ಮಾತ್ರ ‘ಔಟ್ ಆಫ್ ಶೇರ್ಡ್ ಮೆಮೊರಿ’ ಎಂಬ ದೋಷದೊಂದಿಗೆ ನಿಂತುಹೋಗುತ್ತದೆ. ಯಂತ್ರದಲ್ಲಿ 64 ಜಿಬಿ ಮೆಮೊರಿ ಇದೆ. ಶೇರ್ಡ್ ಬಫರ್ಸ್ ಮೌಲ್ಯವನ್ನು 8 ಜಿಬಿಯಿಂದ 16 ಜಿಬಿಗೆ ಏರಿಸಿದೆವು. ದೋಷ ಹಾಗೆಯೇ ಉಳಿದಿದೆ.

ಉತ್ತರ: ನಿಮ್ಮ ಲಾಗ್ ಕಡತದಲ್ಲಿ ಆ ದೋಷದ ಕೆಳಗೇ, ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ ಮೌಲ್ಯವನ್ನು ಹೆಚ್ಚಿಸಬೇಕಾಗಬಹುದು ಎಂಬ ಸುಳಿವು ಇದ್ದೇ ಇರುತ್ತದೆ. ಬ್ಯಾಕಪ್ ಸ್ಕ್ರಿಪ್ಟ್‌ಗಳು ಅನೇಕ ವೇಳೆ ದೋಷದ ಮೊದಲ ಸಾಲನ್ನಷ್ಟೇ ಇಮೇಲ್ ಮಾಡುವುದರಿಂದ ಅದು ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಇಲ್ಲಿ ತುಂಬಿರುವುದು ಲಾಕ್ ಟೇಬಲ್, ಅಂದರೆ ಯಾರು ಯಾವುದರ ಮೇಲೆ ಲಾಕ್ (ಬಳಕೆಯ ಹಿಡಿತ) ಹಾಕಿದ್ದಾರೆಂದು ಬರೆದಿಡುವ ಪಟ್ಟಿ. ಡೇಟಾ ಪುಟಗಳನ್ನು ಇಟ್ಟುಕೊಳ್ಳುವ ಶೇರ್ಡ್ ಬಫರ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡೂ ಸರ್ವರ್ ಆರಂಭವಾಗುವಾಗ ಒಟ್ಟಿಗೇ ಪಡೆದುಕೊಂಡ ಮೆಮೊರಿಯಲ್ಲಿ ಇರುತ್ತವೆಯಾದರೂ ಅವುಗಳ ಪಾಲು ಆಗಲೇ ನಿಗದಿಯಾಗಿರುತ್ತದೆ. ಒಂದು ಇನ್ನೊಂದರಿಂದ ಸಾಲ ಪಡೆಯುವಂತಿಲ್ಲ.

ಲಾಕ್ ಟೇಬಲ್‌ನ ಗಾತ್ರದ ಲೆಕ್ಕ ಸರಳವಾದದ್ದು. ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ ಮೌಲ್ಯವನ್ನು, ಗರಿಷ್ಠ ಸಂಪರ್ಕಗಳ ಸಂಖ್ಯೆ ಮತ್ತು ಸಿದ್ಧಪಡಿಸಿಟ್ಟ ಟ್ರಾನ್ಸಾಕ್ಷನ್‌ಗಳ (ಟ್ರಾನ್ಸಾಕ್ಷನ್ ಎಂದರೆ ಒಟ್ಟಿಗೇ ಪೂರ್ತಿಯಾಗಬೇಕಾದ ಕೆಲಸಗಳ ಗುಂಪು) ಗರಿಷ್ಠ ಸಂಖ್ಯೆ ಇವೆರಡರ ಮೊತ್ತದಿಂದ ಗುಣಿಸಬೇಕು. ಪೂರ್ವನಿಯೋಜಿತ ಮೌಲ್ಯಗಳು ಕ್ರಮವಾಗಿ 64, 100 ಮತ್ತು 0 ಆಗಿರುವುದರಿಂದ ಸುಮಾರು 6,400 ಲಾಕ್‌ಗಳಿಗೆ ಜಾಗ ದೊರೆಯುತ್ತದೆ. ಹಿನ್ನೆಲೆ ಪ್ರಕ್ರಿಯೆಗಳ ಪಾಲು ಮತ್ತು ಒಂದಿಷ್ಟು ಮೀಸಲು ಸೇರಿ ನಿಜವಾದ ಮಿತಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಬ್ಯಾಕಪ್ ತೆಗೆಯುವ ಪಿಜಿ_ಡಂಪ್ ಮಾತ್ರ ಇಡೀ ಡೇಟಾಬೇಸ್‌ನ ಒಂದೇ ಕ್ಷಣದ ಚಿತ್ರವನ್ನು ಕೊಡಬೇಕಾದ್ದರಿಂದ, ಒಂದೇ ಟ್ರಾನ್ಸಾಕ್ಷನ್‌ನೊಳಗೆ ಪ್ರತಿಯೊಂದು ಟೇಬಲ್‌ನ ಮೇಲೂ ಆಕ್ಸೆಸ್ ಶೇರ್ ಎಂಬ ಲಾಕ್ ಹಾಕಿ, ಕೆಲಸ ಮುಗಿಯುವವರೆಗೂ ಅದನ್ನು ಬಿಡುವುದಿಲ್ಲ. ನಿಮ್ಮಲ್ಲಿರುವುದು 250 ಗುಣಿಸು 60, ಅಂದರೆ 15,000 ಟೇಬಲ್‌ಗಳು. ಹಗಲಿನಲ್ಲಿ ಒಂದೊಂದು ಸಂಪರ್ಕವೂ ಒಬ್ಬ ಗ್ರಾಹಕರ ಕೆಲವೇ ಟೇಬಲ್‌ಗಳನ್ನು ಮುಟ್ಟುತ್ತದೆ. ಅಂತಹ ಹಗುರ ಲಾಕ್‌ಗಳಲ್ಲಿ ಮೊದಲ ಕೆಲವು ಆಯಾ ಪ್ರಕ್ರಿಯೆಗೆಂದೇ ಇರುವ ಪುಟ್ಟ ಜಾಗದಲ್ಲಿ ದಾಖಲಾಗುವುದರಿಂದ ಹಂಚಿಕೆಯ ಲಾಕ್ ಟೇಬಲ್‌ವರೆಗೆ ಬರುವುದೂ ಇಲ್ಲ. ರಾತ್ರಿ ಒಂದೇ ಪ್ರಕ್ರಿಯೆ 15,000 ಲಾಕ್‌ಗಳೊಂದಿಗೆ ಬಂದು ನಿಂತಾಗ ಮಿತಿ ಒಡೆಯುತ್ತದೆ.

ಆ ಮೌಲ್ಯದ ಹೆಸರಿನಲ್ಲಿ ‘ಪರ್ ಟ್ರಾನ್ಸಾಕ್ಷನ್’ ಎಂದಿದ್ದರೂ ಒಂದು ಟ್ರಾನ್ಸಾಕ್ಷನ್ 64ಕ್ಕಿಂತ ಹೆಚ್ಚು ಲಾಕ್ ಹಾಕಬಾರದು ಎಂಬ ನಿರ್ಬಂಧವೇನೂ ಇಲ್ಲ. ಅದು ಗಾತ್ರವನ್ನು ಅಂದಾಜು ಮಾಡಲು ಬಳಸುವ ಸರಾಸರಿ ಮಾತ್ರ. ಒಟ್ಟು ಜಾಗ ಇರುವವರೆಗೆ ಯಾವ ಟ್ರಾನ್ಸಾಕ್ಷನ್ ಬೇಕಾದರೂ ಎಷ್ಟು ಬೇಕಾದರೂ ಬಳಸಬಹುದು, ಮತ್ತು ಇದೇ ಕಾರಣದಿಂದ ಬ್ಯಾಕಪ್ ನಡೆಯುತ್ತಿರುವಾಗ ಅದಕ್ಕೆ ಸಂಬಂಧವೇ ಇಲ್ಲದ ಯಾವುದೋ ಸಣ್ಣ ಕ್ವೆರಿಗೆ (ಡೇಟಾಬೇಸ್‌ಗೆ ಕಳುಹಿಸುವ ಕೋರಿಕೆಗೆ) ಈ ದೋಷ ಬರುವುದೂ ಉಂಟು. ದೋಷ ಬಂದ ಕ್ವೆರಿಯೇ ತಪ್ಪಿತಸ್ಥನೆಂದು ಹಿಡಿದು ಅದನ್ನು ತಿದ್ದಲು ಹೊರಡುವವರು ಈ ಕಾರಣದಿಂದಲೇ ದಾರಿ ತಪ್ಪುತ್ತಾರೆ. ಲಾಕ್‌ಗಳನ್ನು ಹಿಡಿದಿಟ್ಟುಕೊಂಡವರು ಯಾರೆಂದು ತಿಳಿಯಬೇಕಾದರೆ, ದೋಷ ಬರುವ ಹೊತ್ತಿನಲ್ಲಿಯೇ ಪಿಜಿ_ಲಾಕ್ಸ್ ಎಂಬ ನೋಟವನ್ನು (ವ್ಯೂ) ಪ್ರಕ್ರಿಯೆಯ ಸಂಖ್ಯೆಯ ಪ್ರಕಾರ ಗುಂಪು ಮಾಡಿ ಎಣಿಸಿ, ಯಾವ ಸಂಪರ್ಕ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ_ಸ್ಟಾಟ್_ಆಕ್ಟಿವಿಟಿಯೊಂದಿಗೆ ಜೋಡಿಸಿ ನೋಡಬೇಕು. ಪ್ರಕ್ರಿಯೆಯ ಸಂಖ್ಯೆಯ ಜಾಗ ಖಾಲಿಯಿರುವ ಸಾಲುಗಳು ಕಂಡರೆ, ಎರಡು ಹಂತದ ಕಮಿಟ್‌ನಲ್ಲಿ (ಮೊದಲು ಸಿದ್ಧಪಡಿಸಿ, ಆಮೇಲೆ ಖಾಯಂ ಮಾಡುವ ಕ್ರಮದಲ್ಲಿ) ಅರ್ಧಕ್ಕೆ ಉಳಿದುಹೋದ ಟ್ರಾನ್ಸಾಕ್ಷನ್‌ಗಳಿವೆಯೇ ಎಂದು ಪಿಜಿ_ಪ್ರಿಪೇರ್ಡ್_ಎಕ್ಸಾಕ್ಟ್ಸ್‌ನಲ್ಲಿ ಪರೀಕ್ಷಿಸಿ. ಸರ್ವರ್ ಮರುಆರಂಭಿಸಿದರೂ ಅವು ಹೋಗುವುದಿಲ್ಲ. ಕಮಿಟ್ (ಖಾಯಂ) ಅಥವಾ ರೋಲ್‌ಬ್ಯಾಕ್ (ರದ್ದು) ಮಾಡಿಯೇ ತೆಗೆಯಬೇಕು.

ನಿಮ್ಮ ಸಂದರ್ಭದಲ್ಲಿ ಪರಿಹಾರ ಕಷ್ಟದ್ದಲ್ಲ. ಮೌಲ್ಯವನ್ನು 256ಕ್ಕೆ ಏರಿಸಿದರೆ 25,600 ಲಾಕ್‌ಗಳಿಗೆ ಜಾಗವಾಗುತ್ತದೆ. ಒಂದು ನಮೂದಿಗೆ ಕೆಲವು ನೂರು ಬೈಟ್‌ಗಳಷ್ಟೇ ಬೇಕಾಗುವುದರಿಂದ 64 ಜಿಬಿಯ ಯಂತ್ರದಲ್ಲಿ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣ ಖರ್ಚು. ಬದಲಾವಣೆ ಜಾರಿಗೆ ಬರಲು ಸರ್ವರ್ ಮರುಆರಂಭವಾಗಲೇಬೇಕು. ಸಂರಚನೆಯನ್ನು ಮತ್ತೆ ಓದಿಸಿದರೆ ಸಾಲದು. ಪಿಜಿ_ಸೆಟಿಂಗ್ಸ್‌ನಲ್ಲಿ ಪೆಂಡಿಂಗ್_ರೀಸ್ಟಾರ್ಟ್ ಎಂಬ ಕಾಲಂ ಇದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಪ್ರತಿಕೃತಿ ಸರ್ವರ್ ಇಟ್ಟುಕೊಂಡಿದ್ದರೆ ಕ್ರಮವನ್ನು ತಪ್ಪಿಸಬೇಡಿ: ಪ್ರತಿಕೃತಿಯಲ್ಲಿ ಈ ಮೌಲ್ಯ ಮುಖ್ಯ ಸರ್ವರ್‌ಗಿಂತ ಕಡಿಮೆ ಇರಬಾರದು. ಆದ್ದರಿಂದ ಏರಿಸುವಾಗ ಮೊದಲು ಪ್ರತಿಕೃತಿ, ಆಮೇಲೆ ಮುಖ್ಯ ಸರ್ವರ್; ಇಳಿಸುವಾಗ ಇದರ ತಿರುವುಮುರುವು. ಸ್ಕೀಮಾವಾರು ಬೇರೆ ಬೇರೆ ಬ್ಯಾಕಪ್ ತೆಗೆದರೂ ದೋಷ ತಪ್ಪುತ್ತದೆ ನಿಜ, ಆದರೆ ಆಗ ಒಂದೊಂದು ಸ್ಕೀಮಾದ ಚಿತ್ರವೂ ಒಂದೊಂದು ಕ್ಷಣದ್ದಾಗಿರುತ್ತದೆ. ಸ್ಕೀಮಾಗಳ ನಡುವೆ ಪರಸ್ಪರ ಅವಲಂಬನೆ ಇದ್ದರೆ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಶೇರ್ಡ್ ಬಫರ್ಸ್‌ನ 16 ಜಿಬಿಯನ್ನು ಹಾಗೆಯೇ ಬಿಡಬಹುದು. ಡೇಟಾಬೇಸ್‌ಗೆಂದೇ ಮೀಸಲಾದ ಯಂತ್ರದಲ್ಲಿ ಒಟ್ಟು ಮೆಮೊರಿಯ 25 ಶೇಕಡಾ ಎಂಬುದು ಹಿಂದಿನಿಂದಲೂ ಸಮಂಜಸವಾದ ಆರಂಭದ ಮೌಲ್ಯ.

ಇದೇ ದೋಷದ ಬಗ್ಗೆ ಬರೆದ ಇನ್ನೊಬ್ಬ ಓದುಗರು, ಹತ್ತು ಲಕ್ಷ ಸಾಲುಗಳ ಅಪ್‌ಡೇಟ್‌ನಿಂದ ಲಾಕ್ ಟೇಬಲ್ ತುಂಬಿರಬಹುದೇ ಎಂದು ಕೇಳಿದ್ದಾರೆ. ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲಿನ ಮೇಲಿನ ಲಾಕ್ ಆ ಸಾಲಿನ ತಲೆಭಾಗದಲ್ಲಿ, ಅಂದರೆ ಡೇಟಾ ಪುಟದಲ್ಲಿಯೇ ದಾಖಲಾಗುತ್ತದೆ. ಆ ಓದುಗರು ಪರೀಕ್ಷಿಸಬೇಕಾದದ್ದು ಪಾರ್ಟಿಷನ್‌ಗಳನ್ನು, ಅಂದರೆ ಒಂದು ದೊಡ್ಡ ಟೇಬಲ್ ಅನ್ನು ಒಡೆದಿಟ್ಟ ಭಾಗಗಳನ್ನು. ದಿನಕ್ಕೊಂದು ಪಾರ್ಟಿಷನ್‌ನಂತೆ ಐದು ವರ್ಷದ ಡೇಟಾ ಇಟ್ಟಿದ್ದಾರೆ. ಅಂದರೆ 1,825 ಪಾರ್ಟಿಷನ್‌ಗಳು, ಒಂದೊಂದಕ್ಕೂ ಮೂರು ಇಂಡೆಕ್ಸ್‌ಗಳು (ಬೇಗ ಹುಡುಕಲು ನೆರವಾಗುವ ಸೂಚಿಗಳು). ವೇರ್ ಷರತ್ತಿನಲ್ಲಿ ದಿನಾಂಕವಿಲ್ಲದ ಒಂದೇ ಒಂದು ಸೆಲೆಕ್ಟ್ (ಡೇಟಾ ಓದುವ ಕ್ವೆರಿ), ಅಷ್ಟೂ ಪಾರ್ಟಿಷನ್‌ಗಳ ಮತ್ತು ಅಷ್ಟೂ ಇಂಡೆಕ್ಸ್‌ಗಳ ಮೇಲೆ ಸೇರಿಸಿ 7,300 ಲಾಕ್ ಹಾಕುತ್ತದೆ. ಅಂತಹ ಎರಡು ಟೇಬಲ್‌ಗಳನ್ನು ಜೋಡಿಸುವ ವರದಿಗೆ 14,600 ಲಾಕ್‌ಗಳು ಬೇಕು. ಇಲ್ಲಿ ಮೌಲ್ಯವನ್ನು ಏರಿಸುವುದು ತಾತ್ಕಾಲಿಕ ನೆಮ್ಮದಿಯಷ್ಟೇ. ಕ್ವೆರಿಯಲ್ಲಿ ದಿನಾಂಕದ ಷರತ್ತು ಹಾಕಿಸುವುದು, ಹಳೆಯ ದಿನಗಳ ಪಾರ್ಟಿಷನ್‌ಗಳನ್ನು ತಿಂಗಳ ಪಾರ್ಟಿಷನ್‌ಗಳಾಗಿ ಕೂಡಿಸುವುದು ನಿಜವಾದ ಕೆಲಸ.

ಪ್ರಶ್ನೆ: ಪೋಸ್ಟ್‌ಗ್ರೆಸ್ ಅನ್ನು ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಅನ್ನು ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿಡುವ ಆವರಣದಲ್ಲಿ) ಓಡಿಸುತ್ತಿದ್ದೇವೆ. ಒಂದು ದೊಡ್ಡ ವರದಿಯ ಕ್ವೆರಿಗೆ ‘ಕುಡ್ ನಾಟ್ ರೀಸೈಜ್ ಶೇರ್ಡ್ ಮೆಮೊರಿ ಸೆಗ್ಮೆಂಟ್’ ಎಂದು ಬಂದು, ಕೊನೆಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದಿದೆ. ಡಿಸ್ಕ್‌ನಲ್ಲಿ 400 ಜಿಬಿ ಖಾಲಿಯಿದೆ. ಅದೇ ಕ್ವೆರಿ, ಅದೇ ಡೇಟಾ, ಕಂಟೇನರ್ ಇಲ್ಲದ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತದೆ.

ಉತ್ತರ: ಇಲ್ಲಿ ‘ಡಿವೈಸ್’ ಎಂದಿರುವುದು ನಿಮ್ಮ ಡಿಸ್ಕ್ ಅಲ್ಲ. ಲಿನಕ್ಸ್‌ನಲ್ಲಿ /ಡೆವ್/ಎಸ್‌ಎಚ್‌ಎಂ ಎಂಬ ಕಡತಕೋಶವು ಮೆಮೊರಿಯಲ್ಲಿಯೇ ಇರುವ ಒಂದು ಕಡತವ್ಯವಸ್ಥೆ. ಕ್ವೆರಿಯ ನಡುವೆ ಹಲವು ಪ್ರಕ್ರಿಯೆಗಳು ಹಂಚಿಕೊಳ್ಳಬೇಕಾದ ಮೆಮೊರಿಯನ್ನು ಪೋಸ್ಟ್‌ಗ್ರೆಸ್ ಅಲ್ಲಿ ಪಡೆಯುತ್ತದೆ. ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಅದರ ಗಾತ್ರ ಒಟ್ಟು ಮೆಮೊರಿಯ ಅರ್ಧದಷ್ಟಿರುತ್ತದೆ. ಡಾಕರ್ ಕಂಟೇನರ್‌ನೊಳಗೆ, ನೀವು ಬೇರೆ ಹೇಳದಿದ್ದರೆ, ಕೇವಲ 64 ಎಂಬಿ. ಕಂಟೇನರ್ ಒಳಗೆ ಹೋಗಿ ಡಿಎಫ್ ಆಜ್ಞೆಯಿಂದ ಆ ಕಡತಕೋಶದ ಗಾತ್ರವನ್ನು ನೋಡಿ; ಲ್ಯಾಪ್‌ಟಾಪ್‌ಗೂ ಕಂಟೇನರ್‌ಗೂ ಇರುವ ವ್ಯತ್ಯಾಸ ಕಣ್ಣೆದುರಿಗೇ ಕಾಣಿಸುತ್ತದೆ.

ಒಂದು ಕ್ವೆರಿಗೆ ಅಷ್ಟು ಜಾಗ ಏಕೆ ಬೇಕು ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಎಷ್ಟು ಏರಿಸಬೇಕೆಂಬ ನಿರ್ಧಾರ ಅದರ ಮೇಲೆ ನಿಂತಿದೆ. 2018ರಲ್ಲಿ ಬಂದ ಪೋಸ್ಟ್‌ಗ್ರೆಸ್ 11ರಿಂದ ಸಮಾನಾಂತರ ಪ್ರಕ್ರಿಯೆಗಳೆಲ್ಲ ಸೇರಿ ಒಂದೇ ಹ್ಯಾಶ್ ಟೇಬಲ್ (ಎರಡು ಟೇಬಲ್‌ಗಳನ್ನು ಜೋಡಿಸುವಾಗ ಬೇಗ ಹುಡುಕಲು ಬಳಸುವ ತಾತ್ಕಾಲಿಕ ಪಟ್ಟಿ) ಕಟ್ಟುವ ಸೌಲಭ್ಯವಿದ್ದು, ಆ ಹ್ಯಾಶ್ ಟೇಬಲ್ ಇರುವುದು ಶೇರ್ಡ್ ಮೆಮೊರಿಯಲ್ಲಿ. ಅದರ ಗಾತ್ರದ ಮಿತಿ ಭಾಗವಹಿಸುವ ಎಲ್ಲ ಪ್ರಕ್ರಿಯೆಗಳ ಪಾಲಿನ ಮೊತ್ತ. ನಿಮ್ಮ ವರ್ಕ್_ಮೆಮ್ ಮೌಲ್ಯ (ಇಂತಹ ಒಂದು ಕೆಲಸಕ್ಕೆ ಒಂದು ಪ್ರಕ್ರಿಯೆಗೆ ಸಿಗುವ ಮೆಮೊರಿ) 64 ಎಂಬಿ ಎಂದಿಟ್ಟುಕೊಳ್ಳೋಣ. ಹ್ಯಾಶ್ ಕೆಲಸಕ್ಕೆ ಅದನ್ನು ಗುಣಿಸುವ ಹ್ಯಾಶ್_ಮೆಮ್_ಮಲ್ಟಿಪ್ಲೈಯರ್‌ನ, ಆವೃತ್ತಿ 15ರಿಂದ ಈಚಿನ, ಪೂರ್ವನಿಯೋಜಿತ ಮೌಲ್ಯ 2 ಆಗಿರುವುದರಿಂದ ಒಂದು ಪ್ರಕ್ರಿಯೆಗೆ 128 ಎಂಬಿ. ಇಬ್ಬರು ಸಹಾಯಕರು ಮತ್ತು ಮುಖ್ಯ ಪ್ರಕ್ರಿಯೆ ಸೇರಿ ಮೂವರಿಗೆ 384 ಎಂಬಿ. ಇದು ಒಂದು ಕ್ವೆರಿಯ ಒಂದು ಹ್ಯಾಶ್ ಜೋಡಣೆಗೆ ಮಾತ್ರ. ಕ್ವೆರಿಯಲ್ಲಿ ಅಂತಹ ಎರಡು ಜೋಡಣೆಗಳಿದ್ದು, ಒಂದೇ ಹೊತ್ತಿಗೆ ನಾಲ್ವರು ಆ ವರದಿಯನ್ನು ತೆಗೆದರೆ 3 ಜಿಬಿ ತಲುಪುತ್ತದೆ. 64 ಎಂಬಿಯೊಳಗೆ ಇದು ಹಿಡಿಸುವ ಮಾತೇ ಅಲ್ಲ.

ಆದ್ದರಿಂದ ಕಂಟೇನರ್ ಆರಂಭಿಸುವಾಗ ಎಸ್‌ಎಚ್‌ಎಂ-ಸೈಜ್ ಆಯ್ಕೆಯಲ್ಲಿ ಮೇಲಿನ ಲೆಕ್ಕದಂತೆ ಗಾತ್ರವನ್ನು ಕೊಡಿ. ಈಗಾಗಲೇ ಓಡುತ್ತಿರುವ ಕಂಟೇನರ್‌ಗೆ ಈ ಆಯ್ಕೆ ಅನ್ವಯಿಸುವುದಿಲ್ಲ, ಹೊಸದಾಗಿ ಸೃಷ್ಟಿಸಬೇಕು. ಹಾಗೆ ಮಾಡುವ ಮುನ್ನ ಡೇಟಾ ಕಡತಕೋಶವು ಕಂಟೇನರ್‌ನ ಹೊರಗಿನ ವಾಲ್ಯೂಮ್‌ನಲ್ಲಿದೆ ಎಂಬುದನ್ನು ಎರಡು ಬಾರಿ ಖಚಿತಪಡಿಸಿಕೊಳ್ಳಿ. ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಿರ್ವಹಿಸುವ ವ್ಯವಸ್ಥೆ) ಬಳಸುವವರು ಮೆಮೊರಿ ಮಾಧ್ಯಮದ ಎಂಪ್ಟಿಡಿರ್ (ತಾತ್ಕಾಲಿಕ) ವಾಲ್ಯೂಮ್ ಒಂದನ್ನು /ಡೆವ್/ಎಸ್‌ಎಚ್‌ಎಂ ಕಡತಕೋಶಕ್ಕೆ ಜೋಡಿಸಬೇಕಾಗುತ್ತದೆ, ಮತ್ತು ಅಲ್ಲಿ ಬಳಕೆಯಾದದ್ದು ಕಂಟೇನರ್‌ನ ಮೆಮೊರಿ ಮಿತಿಯ ಲೆಕ್ಕಕ್ಕೇ ಸೇರುವುದರಿಂದ ಆ ಮಿತಿಯನ್ನೂ ಜೊತೆಯಲ್ಲಿಯೇ ಏರಿಸಬೇಕು. ಕಂಟೇನರ್ ಬದಲಿಸಲು ಅನುಮತಿ ಸಿಗುವವರೆಗೆ, ವರದಿ ತೆಗೆಯುವ ಬಳಕೆದಾರರಿಗೆ ಮಾತ್ರ, ಸಹಾಯಕ ಪ್ರಕ್ರಿಯೆಗಳ ಸಂಖ್ಯೆಯನ್ನು ಮಿತಿಗೊಳಿಸುವ ಮ್ಯಾಕ್ಸ್_ಪ್ಯಾರಲಲ್_ವರ್ಕರ್ಸ್_ಪರ್_ಗ್ಯಾದರ್ ಮೌಲ್ಯವನ್ನು 0 ಮಾಡಿಡಿ. ಕ್ವೆರಿ ನಿಧಾನವಾಗುತ್ತದೆ, ಆದರೆ ಮುಗಿಯುತ್ತದೆ.

ಪ್ರಶ್ನೆ: 32 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಶೇರ್ಡ್ ಬಫರ್ಸ್ 8 ಜಿಬಿ ಇದೆ. ಹ್ಯೂಜ್ ಪೇಜ್ (ಮೆಮೊರಿಯನ್ನು ಹಂಚುವ ದೊಡ್ಡ ಗಾತ್ರದ ಪುಟ) ಬಳಸಬೇಕೆಂದು 2 ಎಂಬಿಯ 4,096 ಪುಟಗಳನ್ನು, ಅಂದರೆ ಸರಿಯಾಗಿ 8 ಜಿಬಿಯನ್ನು, ಕಾಯ್ದಿರಿಸಿದೆ. ಹ್ಯೂಜ್_ಪೇಜಸ್ ಅನ್ನು ‘ಆನ್’ ಮಾಡಿದರೆ ‘ಕುಡ್ ನಾಟ್ ಮ್ಯಾಪ್ ಅನಾನಿಮಸ್ ಶೇರ್ಡ್ ಮೆಮೊರಿ’ ಎಂದು ಪೋಸ್ಟ್‌ಗ್ರೆಸ್ ಆರಂಭವೇ ಆಗುವುದಿಲ್ಲ. ‘ಟ್ರೈ’ ಎಂದಿಟ್ಟರೆ ಆರಂಭವಾಗುತ್ತದೆ. ‘ಟ್ರೈ’ ಎಂದೇ ಬಿಟ್ಟುಬಿಡಬಹುದೇ?

ಉತ್ತರ: ಈಗಿನ ಸ್ಥಿತಿಯಲ್ಲಿ ಬಿಡಬೇಡಿ. ಸರ್ವರ್ ಕೇಳುವ ಶೇರ್ಡ್ ಮೆಮೊರಿಯಲ್ಲಿ ಶೇರ್ಡ್ ಬಫರ್ಸ್ ದೊಡ್ಡ ಪಾಲು ಹೌದು, ಪೂರ್ತಿ ಅಲ್ಲ. ಲಾಕ್ ಟೇಬಲ್, ವಾಲ್ (ಬದಲಾವಣೆಗಳ ದಾಖಲೆ) ಬಫರ್‌ಗಳು, ಸಂಪರ್ಕಗಳ ವಿವರ ಎಲ್ಲವೂ ಸೇರಿ ಅದು 8 ಜಿಬಿಯನ್ನು ಸ್ವಲ್ಪ ದಾಟುತ್ತದೆ, ಮತ್ತು ಆ ಇಡೀ ಭಾಗ ಹ್ಯೂಜ್ ಪೇಜ್‌ಗಳಲ್ಲಿ ಹಿಡಿಸಬೇಕು. ಹಿಡಿಸದಿದ್ದಾಗ ‘ಆನ್’ ಇದ್ದರೆ ಸರ್ವರ್ ನಿಲ್ಲುತ್ತದೆ. ‘ಟ್ರೈ’ ಇದ್ದರೆ ಸದ್ದಿಲ್ಲದೆ ಸಾಮಾನ್ಯ ಪುಟಗಳಿಗೆ ಹೋಗುತ್ತದೆ. ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸಿ: ಸಾಮಾನ್ಯ ಮೆಮೊರಿಯಲ್ಲಿ 8 ಜಿಬಿ ಬಳಕೆಯಾಗುತ್ತದೆ, ಕಾಯ್ದಿರಿಸಿದ 8 ಜಿಬಿ ಬೇರೆ ಯಾವ ಪ್ರಕ್ರಿಯೆಗೂ ಸಿಗದಂತೆ ಖಾಲಿ ಬಿದ್ದಿರುತ್ತದೆ. 32 ಜಿಬಿಯಲ್ಲಿ ಅರ್ಧ ಹೀಗೆ ಕಟ್ಟಿಹೋದರೆ, ಕೆಲವು ದಿನಗಳ ನಂತರ ಯಾವುದೋ ಹೊರೆಯ ಹೊತ್ತಿನಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಮೆಮೊರಿ ಸಾಲದೆ, ಪ್ರಕ್ರಿಯೆಗಳನ್ನು ಕೊಲ್ಲತೊಡಗಿದಾಗ, ಅದರ ಮೂಲ ಇಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. /ಪ್ರೋಕ್/ಮೆಮ್‌ಇನ್ಫೋದಲ್ಲಿ ಹ್ಯೂಜ್‌ಪೇಜಸ್_ಫ್ರೀ ಮತ್ತು ಹ್ಯೂಜ್‌ಪೇಜಸ್_ಟೋಟಲ್ ಎರಡೂ 4,096 ಎಂದೇ ತೋರಿಸುತ್ತಿದ್ದು, ಹ್ಯೂಜ್‌ಪೇಜಸ್_ಆರ್‌ಎಸ್‌ವಿಡಿ ಸೊನ್ನೆಯಾಗಿದ್ದರೆ ನಿಮ್ಮಲ್ಲಿ ಈಗ ನಡೆಯುತ್ತಿರುವುದು ಇದೇ.

ಎಷ್ಟು ಪುಟ ಬೇಕೆಂದು ಊಹಿಸುವ ಅಗತ್ಯವಿಲ್ಲ. ಆವೃತ್ತಿ 15ರಿಂದ, ಸರ್ವರ್ ನಿಂತಿರುವಾಗ, ಪೋಸ್ಟ್‌ಗ್ರೆಸ್ ಆಜ್ಞೆಗೆ ಡೇಟಾ ಕಡತಕೋಶವನ್ನು ತೋರಿಸಿ, ದೊಡ್ಡಕ್ಷರದ ಸಿ ಆಯ್ಕೆಯೊಂದಿಗೆ ಶೇರ್ಡ್_ಮೆಮೊರಿ_ಸೈಜ್_ಇನ್_ಹ್ಯೂಜ್_ಪೇಜಸ್ ಎಂದು ಕೇಳಿದರೆ ನಿಖರವಾದ ಸಂಖ್ಯೆಯನ್ನೇ ಹೇಳುತ್ತದೆ. ಆ ಸಂಖ್ಯೆಯಷ್ಟು ಪುಟಗಳನ್ನು ಕಾಯ್ದಿರಿಸಿ, ‘ಆನ್’ ಎಂದಿಟ್ಟು ಆರಂಭಿಸಿ. ಮುಂದೆ ಸಂಪರ್ಕಗಳ ಮಿತಿಯನ್ನೋ ಲಾಕ್‌ಗಳ ಮೌಲ್ಯವನ್ನೋ ಏರಿಸಿದಾಗಲೆಲ್ಲ ಈ ಸಂಖ್ಯೆ ಬದಲಾಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಹಳೆಯ ಯಂತ್ರವೊಂದರಲ್ಲಿ ಪೋಸ್ಟ್‌ಗ್ರೆಸ್ 9.2 ಇನ್ನೂ ಓಡುತ್ತಿದೆ. ಶೇರ್ಡ್ ಬಫರ್ಸ್ ಏರಿಸಿದೊಡನೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ಆರಂಭದಲ್ಲಿಯೇ ನಿಲ್ಲುತ್ತದೆ.

ಉತ್ತರ: ಕರ್ನಲ್‌ನ ಎಸ್‌ಎಚ್‌ಎಂಮ್ಯಾಕ್ಸ್ (ಒಂದು ಶೇರ್ಡ್ ಮೆಮೊರಿ ಭಾಗದ ಗರಿಷ್ಠ ಗಾತ್ರ) ಮಿತಿ ನಿಮ್ಮನ್ನು ತಡೆದಿದೆ. ಅದನ್ನು ಬೈಟ್‌ಗಳಲ್ಲಿಯೂ, ಎಸ್‌ಎಚ್‌ಎಂಆಲ್ (ಒಟ್ಟು ಶೇರ್ಡ್ ಮೆಮೊರಿ) ಮಿತಿಯನ್ನು ಪುಟಗಳಲ್ಲಿಯೂ ಬರೆಯಬೇಕು. ಒಂದು ಪುಟಕ್ಕೆ ಸಾಮಾನ್ಯವಾಗಿ 4,096 ಬೈಟ್. ಈ ಎರಡು ಅಳತೆಗಳನ್ನು ಅದಲುಬದಲು ಮಾಡಿದಾಗಲೇ ಹೆಚ್ಚಿನ ತೊಡಕು ಹುಟ್ಟುತ್ತದೆ. 2013ರ ಆವೃತ್ತಿ 9.3ರಿಂದ ಪೋಸ್ಟ್‌ಗ್ರೆಸ್ ದೊಡ್ಡ ಭಾಗವನ್ನು ಬೇರೆ ವಿಧಾನದಿಂದ ಪಡೆಯುವುದರಿಂದ ಈ ತೊಂದರೆ ಬಹುಮಟ್ಟಿಗೆ ಮರೆಯಾಗಿದೆ. 9.2ಕ್ಕೆ ಭದ್ರತೆಯ ತಿದ್ದುಪಡಿಗಳು ನಿಂತು ವರ್ಷಗಳೇ ಕಳೆದಿವೆ. ಮಿತಿಯನ್ನು ಏರಿಸುವುದರ ಜೊತೆಗೆ ಆವೃತ್ತಿಯನ್ನೂ ಏರಿಸುವ ಯೋಜನೆಯನ್ನು ದಯವಿಟ್ಟು ಆರಂಭಿಸಿ.

ಪ್ರಶ್ನೆ: ನಮ್ಮ ಒರಾಕಲ್ ಡೇಟಾಬೇಸ್‌ನಲ್ಲಿ ಒಆರ್‌ಎ-04031 (ಶೇರ್ಡ್ ಮೆಮೊರಿ ಸಿಗಲಿಲ್ಲ) ದೋಷ ಬರುತ್ತಿದೆ. ಶೇರ್ಡ್ ಪೂಲ್ (ಸಿದ್ಧಪಡಿಸಿದ ಎಸ್‌ಕ್ಯೂಎಲ್ ವಾಕ್ಯಗಳನ್ನು ಇಡುವ ಜಾಗ) ಏರಿಸಿದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ.

ಉತ್ತರ: ಏರಿಸಿದಷ್ಟೂ ತುಂಬುತ್ತಿದೆ ಎಂದರೆ ತುಂಬಿಸುತ್ತಿರುವವರನ್ನು ಹುಡುಕಬೇಕು. ಅಪ್ಲಿಕೇಷನ್ ಪ್ರತಿ ಬಾರಿಯೂ ಮೌಲ್ಯಗಳನ್ನು ಎಸ್‌ಕ್ಯೂಎಲ್ ವಾಕ್ಯದೊಳಗೇ ಅಂಟಿಸಿ ಕಳುಹಿಸಿದರೆ, ಗ್ರಾಹಕ ಸಂಖ್ಯೆ 101ರ ವಾಕ್ಯ ಮತ್ತು 102ರ ವಾಕ್ಯ ಒರಾಕಲ್‌ನ ಕಣ್ಣಿಗೆ ಎರಡು ಬೇರೆ ವಾಕ್ಯಗಳು. ಎರಡನ್ನೂ ಪಾರ್ಸ್ ಮಾಡಿ (ಅರ್ಥ ಬಿಡಿಸಿ) ಎರಡಕ್ಕೂ ಶೇರ್ಡ್ ಪೂಲ್‌ನಲ್ಲಿ ಜಾಗ ಕೊಡುತ್ತದೆ. ಹೀಗೆ ಲಕ್ಷಾಂತರ ಸಣ್ಣ ತುಂಡುಗಳು ಸೇರಿ, ಹೋಗಿ, ಮತ್ತೆ ಸೇರಿದಾಗ ಒಟ್ಟು ಖಾಲಿ ಜಾಗ ಸಾಕಷ್ಟಿದ್ದರೂ ಕೇಳಿದಷ್ಟು ಉದ್ದದ ಒಂದೇ ತುಂಡು ಸಿಗುವುದಿಲ್ಲ. ದೋಷಸಂದೇಶದಲ್ಲಿ ಎಷ್ಟು ಬೈಟ್ ಸಿಗಲಿಲ್ಲ ಎಂದು ಬರೆದಿರುತ್ತದೆ. ಅದು ನಾಲ್ಕೈದು ಸಾವಿರ ಬೈಟ್‌ಗಳಷ್ಟೇ ಆಗಿದ್ದು ಪೂಲ್ ಹಲವು ಜಿಬಿಯಿದ್ದರೆ, ಪೂಲ್ ಚೂರುಚೂರಾಗಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ವಿ$ಎಸ್‌ಕ್ಯೂಎಲ್ ನೋಟವನ್ನು ಫೋರ್ಸ್_ಮ್ಯಾಚಿಂಗ್_ಸಿಗ್ನೇಚರ್ (ಮೌಲ್ಯಗಳನ್ನು ಬಿಟ್ಟರೆ ಒಂದೇ ಆಗಿರುವ ವಾಕ್ಯಗಳ ಗುರುತು) ಪ್ರಕಾರ ಗುಂಪು ಮಾಡಿ ಎಣಿಸಿ. ಒಂದೇ ಗುರುತಿನ ಕೆಳಗೆ ಸಾವಿರಾರು ವಾಕ್ಯಗಳು ಕಂಡರೆ ಅವನ್ನು ಬರೆದ ತಂಡಕ್ಕೆ ಆ ಪಟ್ಟಿಯನ್ನೇ ಕೊಟ್ಟು, ಬೈಂಡ್ ವೇರಿಯೆಬಲ್‌ಗಳಿಗೆ (ಮೌಲ್ಯಗಳನ್ನು ವಾಕ್ಯದಿಂದ ಬೇರೆಯಾಗಿ ಕಳುಹಿಸುವ ರೀತಿಗೆ) ಬದಲಿಸುವಂತೆ ಕೇಳಿ. ಅದು ಆಗುವವರೆಗೆ ಕರ್ಸರ್_ಶೇರಿಂಗ್ ಅನ್ನು ‘ಫೋರ್ಸ್’ ಎಂದಿಡಬಹುದು. ಕೆಲವು ಕ್ವೆರಿಗಳ ಯೋಜನೆ ಇದರಿಂದ ಬದಲಾಗುವ ಸಂಭವವಿರುವುದರಿಂದ ಪರೀಕ್ಷಾ ಸರ್ವರ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ಪ್ರಶ್ನೆ: ಪೋಸ್ಟ್‌ಗ್ರೆಸ್ ಸ್ಪಂದಿಸದಿದ್ದಾಗ ಸಹೋದ್ಯೋಗಿಯೊಬ್ಬರು ಮುಖ್ಯ ಪ್ರಕ್ರಿಯೆಗೆ ಕಿಲ್ -9 (ಬಲವಂತವಾಗಿ ಕೊಲ್ಲುವ ಆಜ್ಞೆ) ಕೊಟ್ಟರು. ಈಗ ‘ಪ್ರೀ-ಎಕ್ಸಿಸ್ಟಿಂಗ್ ಶೇರ್ಡ್ ಮೆಮೊರಿ ಬ್ಲಾಕ್ ಈಸ್ ಸ್ಟಿಲ್ ಇನ್ ಯೂಸ್’ ಎಂದು ಮತ್ತೆ ಆರಂಭವಾಗುತ್ತಿಲ್ಲ. ಪೋಸ್ಟ್‌ಮಾಸ್ಟರ್ ಪಿಐಡಿ ಕಡತವನ್ನು (ಮುಖ್ಯ ಪ್ರಕ್ರಿಯೆಯ ಸಂಖ್ಯೆ ಬರೆದಿಡುವ ಕಡತ) ಅಳಿಸಿದರೆ ಸರಿಹೋಗುತ್ತದೆ ಎಂದು ಸಲಹೆ ಬಂದಿದೆ.

ಉತ್ತರ: ಆ ಕಡತವನ್ನು ಅಳಿಸಲೇಬೇಡಿ. ಐಪಿಸಿಆರ್‌ಎಂ ಆಜ್ಞೆಯಿಂದ ಮೆಮೊರಿ ಭಾಗವನ್ನು ತೆಗೆಯಲೂ ಹೋಗಬೇಡಿ. ಮುಖ್ಯ ಪ್ರಕ್ರಿಯೆ ಸತ್ತರೂ ಅದು ಹುಟ್ಟಿಸಿದ ಮಕ್ಕಳ ಪ್ರಕ್ರಿಯೆಗಳಲ್ಲಿ ಕೆಲವು ಇನ್ನೂ ಬದುಕಿದ್ದು ಡೇಟಾ ಕಡತಗಳಿಗೆ ಬರೆಯುತ್ತಿರಬಹುದು. ಹೊಸ ಸರ್ವರ್ ಅದೇ ಕಡತಗಳ ಮೇಲೆ ತನ್ನದೇ ಬೇರೆ ಶೇರ್ಡ್ ಮೆಮೊರಿಯೊಂದಿಗೆ ಕೆಲಸ ಆರಂಭಿಸಿದರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಡೇಟಾ ಕೆಡುತ್ತದೆ. ನೀವು ನೋಡುತ್ತಿರುವ ದೋಷ ಆ ಅನಾಹುತವನ್ನು ತಡೆದಿರುವ ಕಾವಲು. ಪಿಐಡಿ ಕಡತ ಆ ಕಾವಲಿನ ಒಂದು ಭಾಗ.

ಪಿಎಸ್ ಆಜ್ಞೆಯಿಂದ ಪೋಸ್ಟ್‌ಗ್ರೆಸ್ ಬಳಕೆದಾರರ ಹೆಸರಿನಲ್ಲಿ ಉಳಿದಿರುವ ಪ್ರಕ್ರಿಯೆಗಳನ್ನು ಹುಡುಕಿ. ಅದೇ ಯಂತ್ರದಲ್ಲಿ ಬೇರೊಂದು ಪೋಸ್ಟ್‌ಗ್ರೆಸ್ ಸರ್ವರ್ ಇದ್ದರೆ ಅದರ ಪ್ರಕ್ರಿಯೆಗಳನ್ನು ಇವುಗಳೊಂದಿಗೆ ಬೆರೆಸಿಕೊಳ್ಳದಂತೆ ಎಚ್ಚರ ವಹಿಸಿ. ಉಳಿದ ಮಕ್ಕಳಿಗೆ ಸಾಮಾನ್ಯ ಟರ್ಮ್ ಸಂಕೇತ ಕಳುಹಿಸಿ, ಅವು ಮುಗಿಯುವವರೆಗೆ ಕಾಯಿರಿ. ಐಪಿಸಿಎಸ್ -ಎಂ ಆಜ್ಞೆಯ ಪಟ್ಟಿಯಲ್ಲಿ, ದೋಷಸಂದೇಶದಲ್ಲಿ ಹೇಳಿದ ಐಡಿಯ ಎದುರು ಎನ್‌ಅಟ್ಯಾಚ್ ಕಾಲಂ ಸೊನ್ನೆಗೆ ಬಂದರೆ ಅಥವಾ ಆ ಸಾಲೇ ಮಾಯವಾದರೆ, ಅದನ್ನು ಹಿಡಿದವರು ಯಾರೂ ಉಳಿದಿಲ್ಲ ಎಂದರ್ಥ. ಆಗ ಎಂದಿನಂತೆ ಆರಂಭಿಸಿ. ಹಳೆಯ ಪಿಐಡಿ ಕಡತವನ್ನು ಪೋಸ್ಟ್‌ಗ್ರೆಸ್ ತಾನೇ ಗುರುತಿಸಿ, ವಾಲ್ ದಾಖಲೆಗಳಿಂದ ಚೇತರಿಸಿಕೊಂಡು ಮೇಲೇಳುತ್ತದೆ. ಮುಂದಿನ ಬಾರಿ ಸರ್ವರ್ ಸ್ಪಂದಿಸದಿದ್ದರೆ ಪಿಜಿ_ಸಿಟಿಎಲ್ ಮೂಲಕ ‘ಫಾಸ್ಟ್’ ರೀತಿಯಲ್ಲಿ ನಿಲ್ಲಿಸಿ, ಅದಕ್ಕೂ ಬಗ್ಗದಿದ್ದರೆ ‘ಇಮಿಡಿಯೇಟ್’ ರೀತಿಯಲ್ಲಿ. ಎರಡನೆಯದರಲ್ಲಿ ಚೇತರಿಕೆಯ ಹಂತ ಬೇಕಾಗುತ್ತದೆ, ಆದರೆ ಮಕ್ಕಳ ಪ್ರಕ್ರಿಯೆಗಳನ್ನು ಅನಾಥವಾಗಿ ಬಿಟ್ಟುಹೋಗುವುದಿಲ್ಲ.